ಗರ್ಟ್ರೂಡ್ ಎಲಿಯನ್

ಗರ್ಟ್ರೂಡ್ ಬೆಲ್ ಎಲಿಯನ್ (ಜನವರಿ 23, 1918 – ಫೆಬ್ರುವರಿ 21, 1999) ಅಮೆರಿಕದ ಔಷಧವಿಜ್ಞಾನಿ. ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ 1988ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಜೀವನ

ನ್ಯೂಯಾರ್ಕ್ ನಗರದಲ್ಲಿ ಜನಿಸಿದ ಎಲಿಯನ್, ಹದಿನೈದನೆಯ ವಯಸ್ಸಿನಲ್ಲಿ ಅಜ್ಜ ಕ್ಯಾನ್ಸರ್‌ನಿಂದ ಮೃತಪಟ್ಟದ್ದನ್ನು ಕಂಡು ರಸಾಯನಶಾಸ್ತ್ರವನ್ನು ಆರಿಸಿಕೊಂಡರು. 1937ರಲ್ಲಿ ಹಂಟರ್ ಕಾಲೇಜಿನ ಪದವಿ ಪಡೆದರೂ, ಮಹಿಳೆಯೆಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಅವಕಾಶ ದೊರೆಯುವುದು ಕಷ್ಟವಾಯಿತು. ಕೆಲಕಾಲ ಸಂಬಳವಿಲ್ಲದೆ ದುಡಿದರು. ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತ 1941ರಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು. 1944ರಲ್ಲಿ ಬರೋಸ್ ವೆಲ್ಕಮ್ ಸಂಸ್ಥೆಯಲ್ಲಿ ಹಿಚಿಂಗ್ಸ್ ಅವರ ಸಹಾಯಕಿಯಾದರು. ಉದ್ಯೋಗ ಬಿಡಲೊಪ್ಪದೆ ಡಾಕ್ಟರೇಟ್ ವ್ಯಾಸಂಗವನ್ನು ಕೈಬಿಟ್ಟರು.

ಸಂಶೋಧನೆ

ಇವರ ಮರ್ಕ್ಯಾಪ್ಟೊಪ್ಯೂರಿನ್ ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಗೂ ಅಜಥಯೋಪ್ರಿನ್ ಮೂತ್ರಪಿಂಡ ಕಸಿಗೂ ನೆರವಾದವು. ಸಹೋದ್ಯೋಗಿಗಳೊಂದಿಗೆ ಅಭಿವೃದ್ಧಿಪಡಿಸಿದ ಏಸೈಕ್ಲೊವಿರ್ ಹರ್ಪಿಸ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ವೈರಸ್ಸಿನ ಕಿಣ್ವವೇ ಈ ಔಷಧವನ್ನು ಸಕ್ರಿಯಗೊಳಿಸುವುದರಿಂದ ಸೋಂಕಿಲ್ಲದ ಜೀವಕೋಶಗಳಿಗೆ ಹಾನಿ ಅಲ್ಪ.

ಬೆಕ್ಕುಗಳಲ್ಲಿ ಹರ್ಪಿಸ್

ಬೆಕ್ಕುಗಳಿಗೆ ಸೀನು, ನೆಗಡಿ ಹಾಗೂ ಕಣ್ಣಿನ ಹುಣ್ಣು ತರುವ ಹರ್ಪಿಸ್ ವೈರಸ್ಸಿನ ಕಿಣ್ವವು ಈ ಕಾರ್ಯದಲ್ಲಿ ದುರ್ಬಲ. ಆದ್ದರಿಂದ ಅವುಗಳಲ್ಲಿ ಏಸೈಕ್ಲೊವಿರ್ ಅಷ್ಟು ಫಲಕಾರಿಯಲ್ಲ. ಅದರಿಂದ ರೂಪುಗೊಂಡ ವ್ಯಾಲಸೈಕ್ಲೊವಿರ್ ಬೆಕ್ಕುಗಳಿಗೆ ಮಾರಕವಾಗಬಲ್ಲದು. ಪಶುವೈದ್ಯರು ಅದೇ ಬಗೆಯ ಫ್ಯಾಮ್‌ಸೈಕ್ಲೊವಿರ್ ಅನ್ನು ಬಳಸುತ್ತಾರೆ. ಚಿಕಿತ್ಸೆಯಿಂದ ವೈರಸ್ ಪೂರ್ಣವಾಗಿ ತೊಲಗದು. ನರಕೋಶಗಳಲ್ಲಿ ಅಡಗಿದ್ದು, ಬೆಕ್ಕು ಒತ್ತಡಕ್ಕೊಳಗಾದಾಗ ಮರುಕಳಿಸಬಹುದು.

ನಿವೃತ್ತಿ ಮತ್ತು ನಿಧನ

1983ರಲ್ಲಿ ನಿವೃತ್ತರಾದ ಎಲಿಯನ್ ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ನಿಧನರಾದರು. ಡಾಕ್ಟರೇಟ್ ಪೂರೈಸದ ಇವರಿಗೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು.