ಅಬೆಬೆ ಬಿಕಿಲಾ: ಮೂರು ಬಾರಿ ಮರಳಿದ ಓಟಗಾರ

ಓಟದಲ್ಲಿ ಗೆದ್ದವನ ಹೆಸರನ್ನು ಲೋಕ ಬಹುಕಾಲ ನೆನಪಿಡುತ್ತದೆ. ಗೆಲುವಿಗೆ ಮುಂಚೆಯೋ ಅನಂತರವೋ ಆತ ರೋಗಶಯ್ಯೆಯಲ್ಲಿ ಕಳೆದ ದಿನಗಳನ್ನು ನೆನೆಯುವವರು ವಿರಳ. ಆದರೆ ಓಟಗಾರನ ಅಂತಸ್ಸತ್ವ ಪ್ರಕಟವಾಗುವುದು ಆತ ಓಡುವಾಗ ಮಾತ್ರವಲ್ಲ. ಓಡಲಾರದೆ ಮಲಗಿದಾಗಲೂ ಹೌದು. ನಲವತ್ತೆರಡು ಕಿಲೋಮೀಟರಿಗೂ ಮಿಗಿಲಾದ ಮ್ಯಾರಥಾನ್ ಓಟದಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಇಥಿಯೋಪಿಯದ ಅಬೆಬೆ ಬಿಕಿಲಾನ ಬಾಳು ಇದಕ್ಕೆ ನಿದರ್ಶನ. ಮೂರು ಬಾರಿ ಆತನ ದೇಹ ಆತನ ಮಾತನ್ನು ಮೀರಿತು. ಮೂರು ಬಾರಿಯೂ ಆತ ಮರಳಿ ಏಳಲು ಹೊರಟ. ಆದರೆ ಮೂರರ ಫಲವೂ ಒಂದೇ ಆಗಲಿಲ್ಲ.

ಅಬೆಬೆ ಹುಟ್ಟಿದ್ದು ೧೯೩೨ರ ಆಗಸ್ಟ್ ೭ರಂದು, ಇಥಿಯೋಪಿಯದ ಎತ್ತರದ ಪ್ರಸ್ಥಭೂಮಿಯ ಜಾತೋ ಎಂಬ ಹಳ್ಳಿಯಲ್ಲಿ. ಕಾಕತಾಳೀಯವೆಂಬಂತೆ, ಅದೇ ದಿನ ಲಾಸ್ ಏಂಜಲಿಸಿನಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆದಿತ್ತು. ಬಡಕುಟುಂಬದ ಈ ಯುವಕ ಪ್ರಾಯಕ್ಕೆ ಬಂದಮೇಲೆ ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ದಳವನ್ನು ಸೇರಿದ. ಸೈನಿಕರಿಗೆ ವ್ಯಾಯಾಮ ಕಲಿಸಲು ಸ್ವೀಡನ್ನಿನಿಂದ ಬಂದಿದ್ದ ಓನ್ನಿ ನಿಸ್ಕಾನೆನ್ ಎಂಬಾತ ಇವನಲ್ಲಿದ್ದ ಕಸುವನ್ನು ಗುರುತಿಸಿ ತಿದ್ದಿದ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಆ ನೆಲದ ತೆಳುಗಾಳಿಯಲ್ಲಿ ಪಳಗಿದ ಎದೆ ಅವನದು.

೧೯೬೦ರ ಸೆಪ್ಟೆಂಬರ್ ೧೦ರ ಸಂಜೆ ರೋಮ್ ನಗರದಲ್ಲಿ ಅಬೆಬೆ ಬರಿಗಾಲಿನಲ್ಲಿ ಓಡಿದ. ೧೯೩೭ರಲ್ಲಿ ಇಟಲಿಯವರು ಇಥಿಯೋಪಿಯದಿಂದ ಹೊತ್ತೊಯ್ದು ನಿಲ್ಲಿಸಿದ್ದ ಅಕ್ಸುಮ್ ಶಿಲಾಸ್ತಂಭ ಆ ದಾರಿಯಲ್ಲೇ ಇತ್ತು. ಅದನ್ನು ಹಾದು, ಪಂಜುಗಳ ಬೆಳಕಿನಲ್ಲಿ ಕಾನ್‌ಸ್ಟಂಟೈನನ ಕಮಾನಿನ ಬಳಿ ಓಟ ಮುಗಿಸಿದಾಗ ಕಳೆದಿದ್ದ ಕಾಲ ೨ ಗಂಟೆ ೧೫ ನಿಮಿಷ ೧೬ ಸೆಕೆಂಡು. ಅಲ್ಲಿಯವರೆಗೆ ಅಷ್ಟು ಬೇಗ ಆ ದೂರವನ್ನು ಓಡಿದವರಿರಲಿಲ್ಲ. ತನ್ನ ನಾಡನ್ನು ಆಕ್ರಮಿಸಿದವರ ರಾಜಧಾನಿಯಲ್ಲಿ ಒಬ್ಬ ಸಾಮಾನ್ಯ ಸೈನಿಕ ಹೀಗೆ ಗೆದ್ದುದರ ಅರ್ಥವನ್ನು ಆಫ್ರಿಕದ ಜನರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ಪರೀಕ್ಷೆ ಬಂದುದು ೧೯೬೪ರಲ್ಲಿ. ಟೋಕಿಯೋದ ಓಟಕ್ಕೆ ಆರು ವಾರವೂ ಉಳಿದಿರಲಿಲ್ಲ; ಅಭ್ಯಾಸ ತುತ್ತತುದಿಯಲ್ಲಿದ್ದ ಹೊತ್ತು. ಹೊಟ್ಟೆನೋವಿನಿಂದ ಕುಸಿದ ಅಬೆಬೆಗೆ ಅಪೆಂಡಿಸೈಟಿಸ್ ಎಂದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಅಂಗಳದಲ್ಲೇ ಆತ ಮೆಲ್ಲನೆ ಓಡತೊಡಗಿದನೆಂದು ಹೇಳುವುದುಂಟು. ಟೋಕಿಯೋಗೆ ಹೋದನಾದರೂ ಗೆಲ್ಲಬಲ್ಲನೆಂಬ ನಿರೀಕ್ಷೆ ಹೆಚ್ಚಿನವರಿಗಿರಲಿಲ್ಲ. ಅಕ್ಟೋಬರ್ ೨೧ರಂದು, ಈ ಬಾರಿ ಪಾದರಕ್ಷೆ ತೊಟ್ಟು ಓಡಿದ ಅಬೆಬೆ ೨ ಗಂಟೆ ೧೨ ನಿಮಿಷ ೧೧ ಸೆಕೆಂಡಿನಲ್ಲಿ ಕ್ರೀಡಾಂಗಣವನ್ನು ಮುಟ್ಟಿದ. ಎರಡನೆಯವನು ಬಂದುದು ನಾಲ್ಕು ನಿಮಿಷಗಳ ತರುವಾಯ. ಅಷ್ಟರಲ್ಲಿ ಗೆದ್ದವನು ಹುಲ್ಲಿನ ಮೇಲೆ ನಿಶ್ಚಿಂತೆಯಿಂದ ಅಂಗಸಾಧನೆ ಮಾಡುತ್ತಿದ್ದ! ಒಲಿಂಪಿಕ್ ಮ್ಯಾರಥಾನನ್ನು ಎರಡು ಬಾರಿ ಗೆದ್ದವರಲ್ಲಿ ಆತನೇ ಮೊದಲಿಗ.

ಇದು ಬರಿಯ ಛಲದ ಪವಾಡವೆಂದು ತಿಳಿಯುವುದು ಸರಿಯಲ್ಲ. ವರ್ಷಗಟ್ಟಲೆ ಕೂಡಿಟ್ಟ ಉಸಿರಿನ ಬಲ ಕೆಲವು ದಿನಗಳ ವಿಶ್ರಾಂತಿಯಿಂದ ಕರಗಿಹೋಗುವುದಿಲ್ಲ. ಗಾಯವಾದುದು ಹೊಟ್ಟೆಯಲ್ಲಿ, ಕಾಲುಗಳು ದೃಢವಾಗಿಯೇ ಇದ್ದವು. ಈ ಭೇದ ಎಷ್ಟು ಮುಖ್ಯವೆಂಬುದು ನಾಲ್ಕು ವರ್ಷಗಳ ಬಳಿಕ ಸ್ಪಷ್ಟವಾಯಿತು.

ಅದೇ ಟೋಕಿಯೋದಲ್ಲಿ ಮೂರನೆಯವನಾಗಿ ಬಂದ ಜಪಾನಿನ ಸೈನಿಕ ಕೋಕಿಚಿ ತ್ಸುಬುರಾಯನ ಕಥೆ ಇಲ್ಲಿ ನೆನಪಾಗದಿರದು. ಮುಂದಿನ ಒಲಿಂಪಿಕ್ಸಿಗೆ ಅಣಿಯಾಗುತ್ತಿದ್ದ ಆತನನ್ನು ಸೊಂಟದ ನೋವು ಕಾಡಿತು. ದೇಶದ ನಿರೀಕ್ಷೆಯ ಭಾರವೂ ಹೆಗಲ ಮೇಲಿತ್ತು. ೧೯೬೮ರ ಜನವರಿಯಲ್ಲಿ ಆತ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ನೊಂದ ದೇಹಕ್ಕೆ ಬಿಡುವು ಕೊಡದ ಲೋಕ ಎಷ್ಟು ನಿಷ್ಠುರವಾಗಬಲ್ಲದೆಂಬುದಕ್ಕೆ ಈ ಸಾವು ಸಾಕ್ಷಿ.

ಅದೇ ವರ್ಷದ ಅಕ್ಟೋಬರಿನಲ್ಲಿ ಅಬೆಬೆ ಮೂರನೆಯ ಜಯಕ್ಕಾಗಿ ಮೆಕ್ಸಿಕೋ ನಗರಕ್ಕೆ ಬಂದ. ಕಾಲಿನ ತೊಂದರೆ ಹಿಂದಿನಿಂದಲೂ ಇತ್ತು. ಓಟಕ್ಕೆ ಸ್ವಲ್ಪವೇ ದಿನಗಳಿರುವಾಗ ಎಡಗಾಲಿನ ಮೂಳೆ ಬಿರುಕು ಬಿಟ್ಟಿರುವುದು ವೈದ್ಯರಿಗೆ ಕಂಡಿತು. ಓಡುವವನ ಒಂದೊಂದು ಹೆಜ್ಜೆಯೂ ಅವನ ತೂಕದ ಎರಡು ಮೂರರಷ್ಟು ಭಾರವನ್ನು ಕಾಲಿನ ಮೇಲೆ ಹೇರುತ್ತದೆ. ಬಿರುಕುಬಿಟ್ಟ ಮೂಳೆ ಅದನ್ನು ತಾಳುವುದೆಂತು? ಆದರೂ ಆತ ಓಟದ ಗೆರೆಯಲ್ಲಿ ನಿಂತ. ಸುಮಾರು ಹದಿನಾರು ಕಿಲೋಮೀಟರ್ ಓಡಿ, ದಾರಿಯಿಂದ ಪಕ್ಕಕ್ಕೆ ಸರಿದ. ಸಂಕಲ್ಪಕ್ಕೆ ಬಹಳ ಶಕ್ತಿಯುಂಟು. ಮೂಳೆಯನ್ನು ಬೆಸೆಯುವ ಶಕ್ತಿ ಮಾತ್ರ ಅದಕ್ಕಿಲ್ಲ. ಅಂದು ಗೆದ್ದವನು ಆತನ ದೇಶದವನೇ ಆದ ಮಾಮೊ ವೋಲ್ಡೆ.

ಮೂರನೆಯ ಪೆಟ್ಟು ಕಠೋರವಾದುದು. ೧೯೬೯ರ ಮಾರ್ಚ್ ತಿಂಗಳ ಒಂದು ರಾತ್ರಿ ಆತ ನಡೆಸುತ್ತಿದ್ದ ಕಾರು ಮಗುಚಿತು. ಬೆನ್ನುಹುರಿಗೆ ಪೆಟ್ಟಾಗಿ, ಲೋಕವನ್ನು ಗೆದ್ದಿದ್ದ ಕಾಲುಗಳು ಶಾಶ್ವತವಾಗಿ ನಿಶ್ಚಲವಾದವು. ಚಿಕಿತ್ಸೆಗಾಗಿ ಆತನನ್ನು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಒಯ್ದರು. ಬೆನ್ನುಹುರಿಗೆ ಪೆಟ್ಟಾದವರಿಗೆ ಆಟವೂ ಒಂದು ಔಷಧವೆಂದು ನಂಬಿದ ವೈದ್ಯ ಲುಡ್ವಿಗ್ ಗುಟ್‌ಮನ್, ೧೯೪೮ರಲ್ಲಿ ಗಾಲಿಕುರ್ಚಿಯವರ ಕ್ರೀಡೆಗಳನ್ನು ಆರಂಭಿಸಿದ್ದು ಅಲ್ಲಿಯೇ. ಅಬೆಬೆಗೆ ಮೊದಲು ಕೈಗಳ ಚಲನೆಯೂ ಇರಲಿಲ್ಲ. ಕ್ರಮೇಣ ಅದು ಮರಳಿತು. ೧೯೭೦ರಲ್ಲಿ ಆತ ಅದೇ ಕ್ರೀಡೆಗಳಲ್ಲಿ ಬಿಲ್ಲು ಹಿಡಿದ. ಮರುವರ್ಷ ನಾರ್ವೆಯಲ್ಲಿ, ಹಿಮದ ಮೇಲೆ ನಾಯಿಗಳು ಎಳೆಯುವ ಬಂಡಿಯ ಸ್ಪರ್ಧೆಯಲ್ಲಿ ಗೆದ್ದ.

ಇಲ್ಲಿ ಆತ ಹಿಂದಿರುಗಿದ್ದು ಓಟಕ್ಕಲ್ಲ. ಮೊದಲ ಬಾರಿ ಕಳೆದುಕೊಂಡುದನ್ನು ಹಾಗೆಯೇ ಮರಳಿ ಪಡೆದ. ಎರಡನೆಯ ಬಾರಿ ಪಡೆಯಲಾರದೆ ನಿಂತ. ಮೂರನೆಯ ಬಾರಿ, ಮರಳಿ ಬಾರದುದನ್ನು ಬಿಟ್ಟುಕೊಟ್ಟು ಉಳಿದುದರಿಂದ ಬದುಕನ್ನು ಮತ್ತೆ ಕಟ್ಟಿದ. ಗಾಯಗೊಂಡವನಿಗೆ ಮೊದಲಿನಂತಾಗು ಎಂದು ಹರಸುವುದು ನಮ್ಮ ವಾಡಿಕೆ. ಮೊದಲಿನಂತಾಗದೆಯೂ ಪೂರ್ಣನಾಗಬಹುದೆಂಬುದನ್ನು ಆತನ ಕೊನೆಯ ವರ್ಷಗಳು ತೋರಿಸಿದವು.

ಅಪಘಾತದ ಪರಿಣಾಮಗಳಿಂದ ಬಳಲುತ್ತಿದ್ದ ಅಬೆಬೆ ೧೯೭೩ರ ಅಕ್ಟೋಬರ್ ೨೫ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಅಂತ್ಯಕ್ರಿಯೆಗೆ ಚಕ್ರವರ್ತಿಯೂ ಬಂದಿದ್ದ. ಸಾವಿರಾರು ಜನ ನೆರೆದಿದ್ದರು. ಅಕ್ಸುಮ್ ಸ್ತಂಭ ಇಥಿಯೋಪಿಯಕ್ಕೆ ಮರಳಿದ್ದು ೨೦೦೫ರಲ್ಲಿ. ಅದನ್ನು ಕಾಣಲು ಆತ ಉಳಿದಿರಲಿಲ್ಲ.