ಚವದಾರ್ ಕೆರೆಯಿಂದ ಮೂವತ್ತೆರಡನೆಯ ವಿಧಿಯವರೆಗೆ

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ನನ್ನ ಪಾಲಿಗೆ ಬಂದದ್ದು ಎಂಟನೆಯ ತರಗತಿಯ ಮೂಲಭೂತ ಹಕ್ಕುಗಳ ಘಟಕ. ಪಾಠ ಯೋಜನೆ ಬರೆದೆ, ಆರು ಹಕ್ಕುಗಳ ಚಾರ್ಟ್ ಮಾಡಿದೆ, ಪೀಠಿಕಾ ಪ್ರಶ್ನೆಗಳನ್ನು ಹೊಂದಿಸಿಕೊಂಡೆ. ಪಾಠ ಚೆನ್ನಾಗಿಯೇ ನಡೆಯಿತು. ಮಕ್ಕಳು ಆರೂ ಹಕ್ಕುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರು. ವೀಕ್ಷಣೆಗೆ ಕುಳಿತಿದ್ದ ಸಹಪಾಠಿ ಉದ್ದೇಶಗಳೆಲ್ಲ ಈಡೇರಿವೆ ಎಂದು ಬರೆದುಕೊಟ್ಟ. ಗಂಟೆ ಹೊಡೆಯಲು ಇನ್ನೂ ಎರಡು ನಿಮಿಷ ಉಳಿದಿತ್ತು. ಸುಮ್ಮನಿರಲಾರದೆ, ಈ ಹಕ್ಕನ್ನು ಯಾರಾದರೂ ತಡೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಟೀಚರಿಗೆ ಹೇಳುತ್ತೇವೆ ಎಂದರು. ಟೀಚರೇ ತಡೆದರೆ ಎಂದೆ. ತರಗತಿ ಮೌನವಾಯಿತು. ಚಾರ್ಟಿನಲ್ಲಿ ಆರನೆಯದಾಗಿ ಸಂವಿಧಾನಾತ್ಮಕ ಪರಿಹಾರದ ಹಕ್ಕು ದಪ್ಪಕ್ಷರದಲ್ಲಿಯೇ ಇತ್ತು. ಒಬ್ಬರೂ ಅದರತ್ತ ನೋಡಲಿಲ್ಲ.

ಸಂಜೆ ನಮ್ಮ ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ಮೇಡಂ ಬಳಿ ಇದನ್ನು ಹೇಳಿಕೊಂಡೆ. ಪಟ್ಟಿಯಿಂದ ಹೊರಡಬೇಡ, ಹಕ್ಕಿಲ್ಲದೆ ಬದುಕಿದವರೊಬ್ಬರ ಬದುಕಿನಿಂದ ಹೊರಡು ಎಂದರು. ಹೀಗಾಗಿ ಉಳಿದ ನಾಲ್ಕು ಅವಧಿಗಳಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನ ಹೇಳಿದೆ. ಮಕ್ಕಳಿಗೆ ಅವರ ಹೆಸರು, ನೀಲಿ ಕೋಟು, ಕನ್ನಡಕ, ಕೈಯಲ್ಲಿನ ಪುಸ್ತಕ ಗೊತ್ತಿದ್ದವು, ಬದುಕು ಗೊತ್ತಿರಲಿಲ್ಲ. ನನಗೂ ಹೆಚ್ಚೇನೂ ಗೊತ್ತಿಲ್ಲವೆಂಬುದು ತಯಾರಿಗೆ ಕುಳಿತಾಗ ತಿಳಿಯಿತು.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಪ್ರದೇಶದ ಮಹೂ ದಂಡುಪ್ರದೇಶದಲ್ಲಿ. ಹದಿನಾಲ್ಕು ಮಕ್ಕಳಲ್ಲಿ ಕೊನೆಯವರು. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ಜೊತೆಗೆ ಸೈನಿಕ ಶಾಲೆಯ ಮುಖ್ಯೋಪಾಧ್ಯಾಯರು. ಅಂದರೆ ಅಂಬೇಡ್ಕರ್ ಒಬ್ಬ ಮೇಷ್ಟ್ರ ಮಗ. ಇದನ್ನು ಹೇಳಿದಾಗ ಮಕ್ಕಳಿಗಿಂತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಪ್ರಶಿಕ್ಷಣಾರ್ಥಿಗಳೇ ಹೆಚ್ಚು ಕಿವಿಗೊಟ್ಟರು.

ಸತಾರಾದ ಸರ್ಕಾರಿ ಶಾಲೆಗೆ ಅವರು ಸೇರಿದ್ದು 1900ರಲ್ಲಿ. ಮಹಾರ್ ಹುಡುಗನಾದ್ದರಿಂದ ತರಗತಿಯ ಮೂಲೆಯಲ್ಲಿ ಬೇರೆಯಾಗಿ ಕೂರಬೇಕಿತ್ತು. ಕೂರುವ ಗೋಣಿತಟ್ಟನ್ನು ಮನೆಯಿಂದ ತಂದು ಸಂಜೆ ಮತ್ತೆ ಮನೆಗೇ ಒಯ್ಯಬೇಕಿತ್ತು, ಏಕೆಂದರೆ ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಬೋಧನೋಪಕರಣವೆಂದು ನಾನು ಮನೆಯಿಂದ ಗೋಣಿಚೀಲವೊಂದನ್ನು ತಂದು ತರಗತಿಯ ಮೂಲೆಯಲ್ಲಿ ಹಾಸಿದ್ದೆ. ಒಬ್ಬ ಹುಡುಗನನ್ನು ಅದರ ಮೇಲೆ ಕೂರಿಸಿ ಪಾತ್ರಾಭಿನಯ ಮಾಡಿಸುವ ಯೋಚನೆ ಪಾಠ ಯೋಜನೆಯಲ್ಲಿಯೇ ಇತ್ತು. ಚೀಲದ ಪಕ್ಕದ ಬೆಂಚಿನ ಹುಡುಗನೊಬ್ಬ ಅವಧಿಯುದ್ದಕ್ಕೂ ತಲೆ ಎತ್ತಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಚೀಲವನ್ನು ಮಡಚಿ ಮೇಜಿನ ಕೆಳಗಿಟ್ಟೆ. ಪಾತ್ರಾಭಿನಯ ಕೈಬಿಟ್ಟೆ. ಮೇಡಂ ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಅದರ ಮೇಲೆ ಯಾರ ಮಗನನ್ನು ಕೂರಿಸಬೇಕೆಂದಿದ್ದೆ? ಅವಮಾನವನ್ನು ಅರ್ಥಮಾಡಿಸಲು ಅವಮಾನವನ್ನೇ ಮತ್ತೊಮ್ಮೆ ಆಡಿ ತೋರಿಸಬೇಕಿಲ್ಲ. ಮುಂದಿನ ಬ್ಯಾಚಿನವರು ಈ ಘಟಕ ತೆಗೆದುಕೊಂಡರೆ ನೆನಪಿಟ್ಟುಕೊಳ್ಳಲಿ ಎಂದು ಇಲ್ಲಿ ಬರೆದಿದ್ದೇನೆ.

ಮರುದಿನ ಹೇಳಿದ್ದು 1901ರ ಬೇಸಿಗೆಯ ಪ್ರಯಾಣ. ಅಂಬೇಡ್ಕರ್ ಸ್ವತಃ ಬರೆದಿಟ್ಟಿರುವ ಪ್ರಸಂಗವಿದು. ತಂದೆ ಬೇರೊಂದು ಊರಿನಲ್ಲಿ ಖಜಾಂಚಿಯಾಗಿದ್ದರು. ಅವರನ್ನು ನೋಡಲು ಭೀಮ, ಅವನ ಅಣ್ಣ ಮತ್ತು ಅಕ್ಕನ ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಹೊರಟು ಮಸೂರ್ ನಿಲ್ದಾಣದಲ್ಲಿ ಇಳಿದರು. ಬರುವ ವಿಷಯ ತಿಳಿಸಿದ್ದ ಕಾಗದ ತಂದೆಗೆ ತಲುಪಿರಲಿಲ್ಲ, ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳ ಉಡುಪು ನೋಡಿ ಸ್ಟೇಷನ್ ಮಾಸ್ತರರು ಪ್ರೀತಿಯಿಂದ ಮಾತನಾಡಿಸಿದರು. ಜಾತಿ ತಿಳಿದ ಕೂಡಲೇ ಮುಖ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ, ಆದರೆ ಗಾಡಿ ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದ. ಬುತ್ತಿ ಬೇಕಾದಷ್ಟಿತ್ತು, ನೀರಿರಲಿಲ್ಲ. ಇಡೀ ರಾತ್ರಿ ಒಂದು ಗುಟುಕು ನೀರು ಸಿಗದೆ ಮಕ್ಕಳು ಉಪವಾಸ ಮಲಗಿದರು.

ಎಂಟನೆಯ ತರಗತಿಗೆ ಈ ಕಥೆ ಬೇಗ ಹಿಡಿಯಿತು. ತಮ್ಮದೇ ವಯಸ್ಸಿನ, ತಮಗಿಂತ ಚಿಕ್ಕ ಮಕ್ಕಳ ಕಥೆ. ಯಾವ ಹಕ್ಕು ಇಲ್ಲಿ ಇರಲಿಲ್ಲ ಎಂದು ಕೇಳಿದೆ. ಸಮಾನತೆ ಎಂದು ಕೆಲವರು, ಸ್ವಾತಂತ್ರ್ಯ ಎಂದು ಕೆಲವರು ಹೇಳಿದರು. ಓಡಾಡುವ ಹಕ್ಕು ಎಂದು ಒಬ್ಬಳು ಹೇಳಿದಳು. ಚಾರ್ಟ್ ತೋರಿಸದೆಯೇ ಇಷ್ಟು ಬಂತು.

ಮುಂದಿನ ವರ್ಷಗಳನ್ನು ಬೇಗ ದಾಟಿದೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲು, 1907ರಲ್ಲಿ ಮೆಟ್ರಿಕ್ಯುಲೇಷನ್, 1912ರಲ್ಲಿ ಬಿ.ಎ., ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ, ಆಮೇಲೆ ಲಂಡನ್. ಎಲ್ಫಿನ್‌ಸ್ಟನ್ನಿನ ಒಂದು ಘಟನೆಯನ್ನು ಮಾತ್ರ ಬಿಡಲಾಗಲಿಲ್ಲ. ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಲು ಮೇಷ್ಟ್ರು ಭೀಮರಾವ್‌ನನ್ನು ಕರೆದಾಗ, ಹಲಗೆಯ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳನ್ನು ಎತ್ತಿಕೊಳ್ಳಲು ಉಳಿದ ಹುಡುಗರು ಓಡಿದರೆಂದು ಜೀವನಚರಿತ್ರೆಗಳಲ್ಲಿದೆ. ಕಪ್ಪುಹಲಗೆಯ ಬಳಕೆಗೆ ಇಷ್ಟು ಅಂಕ ಎಂದು ಲೆಕ್ಕ ಹಾಕುವ ನಮಗೆ ಇದು ಯಾವ ವೀಕ್ಷಣಾ ಪಟ್ಟಿಯಲ್ಲೂ ಬರುವುದಿಲ್ಲ.

ವಿದೇಶದಲ್ಲಿ ಓದಿ ಬಂದ ಮೇಲಾದರೂ ಬದಲಾಯಿತೇ ಎಂದು ಮಕ್ಕಳು ಕೇಳಿದರು. 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದು ಬಂದವರು ಹೊರಹಾಕಿದರು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಅಧ್ಯಾಪಕರ ಕೊಠಡಿಯ ನೀರಿನ ಹೂಜಿಯಿಂದ ಅವರು ಕುಡಿಯುವುದಕ್ಕೆ ಸಹೋದ್ಯೋಗಿಗಳು ಆಕ್ಷೇಪಿಸಿದರು. ಸತಾರಾದ ನಲ್ಲಿಯೇ ಮುಂಬಯಿಯಲ್ಲಿ ಹೂಜಿಯಾಗಿತ್ತು, ಅಷ್ಟೆ. 1925ರಲ್ಲಿ ಅವರು ನಮ್ಮ ನಿಪ್ಪಾಣಿಗೆ ಬಂದು ಶೋಷಿತ ವರ್ಗಗಳ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು ಎಂದಾಗ ನಿಪ್ಪಾಣಿ ಎಲ್ಲಿದೆ ಎಂದು ಮಕ್ಕಳು ನಕಾಶೆ ಹುಡುಕಿದರು.

ಮೂರನೆಯ ಅವಧಿ ಪೂರ್ತಿ ಮಹಾಡ್‌ಗೆ ಹೋಯಿತು. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ನಿರ್ಣಯವನ್ನು ಒಪ್ಪಿತು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಕಚೇರಿಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂಬುದು ಅದರ ಸಾರ. 1924ರಲ್ಲಿ ಕೊಲಾಬಾ ಜಿಲ್ಲೆಯ ಮಹಾಡ್ ಪುರಸಭೆಯೂ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ನಿರ್ಣಯ ಮಾಡಿತು. ದನಕರುಗಳು ನೀರು ಕುಡಿಯುತ್ತಿದ್ದ ಕೆರೆ ಅದು. ಆದರೂ ಮೂರು ವರ್ಷ ಯಾವ ದಲಿತನೂ ಇಳಿಯುವ ಧೈರ್ಯ ಮಾಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮೆರವಣಿಗೆಯಲ್ಲಿ ಹೋಗಿ ಕೆರೆಗಿಳಿದು ನೀರು ಕುಡಿದರು.

ಇಲ್ಲಿ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, 1924ರಲ್ಲೇ ನಿರ್ಣಯ ಆಗಿದ್ದರೆ 1927ರಲ್ಲಿ ಮೆರವಣಿಗೆ ಯಾಕೆ ಬೇಕಾಯಿತು ಎಂದು ಕೇಳಿದಳು. ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಇಡೀ ಘಟಕದ ಪ್ರಶ್ನೆ ಇದೇ ಎಂದು ಅವಳು ಕೇಳಿದ ಮೇಲೆ ಹೊಳೆಯಿತು. ಉತ್ತರವನ್ನು ನಾನು ಹೇಳದೆ ಮುಂದೆ ನಡೆದದ್ದನ್ನು ಹೇಳಿದೆ.

ನೀರು ಕುಡಿದು ಮರಳುತ್ತಿದ್ದವರ ಮೇಲೆ ಊರಿನಲ್ಲಿ ಹಲ್ಲೆಯಾಯಿತು. ತಿರುಗಿ ಹೊಡೆಯಲು ಸಿದ್ಧರಿದ್ದ ತಮ್ಮವರನ್ನು ಅಂಬೇಡ್ಕರ್ ತಡೆದರು. ಸವರ್ಣೀಯರು ಪಂಚಗವ್ಯದಿಂದ ಕೆರೆಯನ್ನು ಶುದ್ಧಿ ಮಾಡಿದರು. ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ಹಿಂತೆಗೆದುಕೊಂಡಿತು. ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಜನ ಸೇರುವ ಹೊತ್ತಿಗೆ ಎದುರು ಪಕ್ಷದವರು, ಕೆರೆ ಸಾರ್ವಜನಿಕವಲ್ಲ, ಖಾಸಗಿ ಎಂದು ಅಂಬೇಡ್ಕರ್ ಮತ್ತಿತರರ ಮೇಲೆ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ನ್ಯಾಯಾಲಯದ ಆಜ್ಞೆಗೆ ತಲೆಬಾಗಿ ಅವರು ಆ ಸಲ ಕೆರೆಗೆ ಇಳಿಯಲಿಲ್ಲ. ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟು, ಹೋರಾಟವನ್ನು ಕೋರ್ಟಿಗೆ ಒಯ್ದರು. ಕೆಳ ನ್ಯಾಯಾಲಯ, ಜಿಲ್ಲಾ ನ್ಯಾಯಾಲಯ ದಾಟಿ ಮುಂಬಯಿ ಹೈಕೋರ್ಟಿನ ತೀರ್ಪು ಬಂದದ್ದು 1937ರ ಮಾರ್ಚ್ 17ರಂದು. ಮೂರೂ ಕಡೆ ಗೆಲುವು ಅವರದೇ.

ಗೆದ್ದದ್ದು ಹೇಗೆ ಎಂಬುದು ನನಗೆ ಹೊಸ ವಿಷಯ. ಅಸ್ಪೃಶ್ಯತೆ ತಪ್ಪು ಎಂಬುದು ಆ ತೀರ್ಪಿನ ಆಧಾರವಲ್ಲ. ಅನಾದಿಕಾಲದಿಂದ ಇಂಥ ರೂಢಿ ಇತ್ತೆಂದು ದಾವೆದಾರರು ರುಜುವಾತು ಮಾಡಲಿಲ್ಲ ಎಂಬುದು ಆಧಾರ. ಹಾಗಾದರೆ ರುಜುವಾತು ಮಾಡಿದ್ದರೆ? ಆಗಿನ ನ್ಯಾಯಾಧೀಶರ ಕೈಯಲ್ಲಿ ಮೂಲಭೂತ ಹಕ್ಕು ಎಂಬುದು ಇರಲೇ ಇಲ್ಲ. ಈಗ ನಮ್ಮ ಸಂವಿಧಾನದ 13ನೆಯ ವಿಧಿ, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ನಿಲ್ಲದು ಎನ್ನುತ್ತದೆ, ಕಾನೂನು ಎಂಬ ಪದದೊಳಗೆ ರೂಢಿ ಮತ್ತು ಪದ್ಧತಿಗಳನ್ನೂ ಸೇರಿಸುತ್ತದೆ. 15ನೆಯ ವಿಧಿಯ ಎರಡನೆಯ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರು ಹಿಡಿದೇ ಹೇಳಲಾಗಿದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಪಠ್ಯಪುಸ್ತಕ ತೆರೆದು ಈ ವಿಧಿಗಳನ್ನು ಓದಿ ಎಂದಾಗ ಆ ಹುಡುಗಿ ಕೆರೆ ಎಂಬ ಪದದ ಕೆಳಗೆ ಗೆರೆ ಎಳೆದಳು.

ಕೊನೆಯ ಅವಧಿಗೆ ಸಂವಿಧಾನ ರಚನಾ ಸಭೆ. 1947ರ ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು, ಅಂಬೇಡ್ಕರ್ ಅಧ್ಯಕ್ಷರಾದರು. ಸಂವಿಧಾನವನ್ನು ಅವರೊಬ್ಬರೇ ಕೂತು ಬರೆದರು ಎಂದು ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ. ಅವರು ಹಾಗೆ ಹೇಳಿಕೊಂಡವರಲ್ಲ. ಮೊದಲ ಕರಡನ್ನು ಸಿದ್ಧಪಡಿಸಿದ ಸಂವಿಧಾನ ಸಲಹೆಗಾರ, ಮಂಗಳೂರಿನ ಬೆನಗಲ್ ನರಸಿಂಗರಾಯರಿಗೆ ಸಭೆಯಲ್ಲೇ ಶ್ರೇಯ ಸಲ್ಲಿಸಿದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಕೂಡ ಸಮಿತಿಯಲ್ಲಿದ್ದರು. ಆದರೆ ಸಭೆಯ ಮುಂದೆ ನಿಂತು ವಿಧಿ ವಿಧಿಯನ್ನೂ ವಿವರಿಸಿ, ತಿದ್ದುಪಡಿಗಳಿಗೆ ಉತ್ತರಿಸಿದ ಭಾರ ಬಹುಪಾಲು ಅವರದೇ. ಮಂಡನೆಯಾದ ತಿದ್ದುಪಡಿಗಳೇ 2,473. ಆಗ ಆರೋಗ್ಯವೂ ಚೆನ್ನಾಗಿರಲಿಲ್ಲ.

ಶಿಕ್ಷಕರಾಗುವವರು ತಿಳಿದಿರಬೇಕಾದ ಒಂದು ಚರ್ಚೆ 1948ರ ನವೆಂಬರಿನದು. ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣ ಎಂಬ ವಿಧಿಯನ್ನು ಪ್ರಾಥಮಿಕ ಶಿಕ್ಷಣಕ್ಕೆ ಮಾತ್ರ ಸೀಮಿತಗೊಳಿಸಬೇಕೆಂಬ ಸಲಹೆ ಬಂತು. ಅಂಬೇಡ್ಕರ್ ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದು ಇನ್ನೊಂದು ವಿಧಿ ಹೇಳುತ್ತಿರುವಾಗ, ಆ ವಯಸ್ಸಿನವರೆಗೆ ಮಗು ಇರಬೇಕಾದ ಜಾಗ ಶಾಲೆಯೇ ಎಂಬುದು ಅವರ ವಾದ. ಅದು ಆಗ ನಿರ್ದೇಶಕ ತತ್ತ್ವವಾಗಿ ಉಳಿಯಿತು. ಮೂಲಭೂತ ಹಕ್ಕಾದದ್ದು 2002ರ ತಿದ್ದುಪಡಿಯಿಂದ. ನನ್ನ ಎಂಟನೆಯ ತರಗತಿಯ ಮಕ್ಕಳು ಆ ಬೆಂಚುಗಳಲ್ಲಿ ಕುಳಿತಿರುವುದರ ಹಿಂದೆ ಆ ವಾದವೂ ಇದೆ.

ಡಿಸೆಂಬರಿನಲ್ಲಿ ಈಗಿನ 32ನೆಯ ವಿಧಿ ಚರ್ಚೆಗೆ ಬಂತು. ಹಕ್ಕು ಭಂಗವಾದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು. ಇಡೀ ಸಂವಿಧಾನದಲ್ಲಿ ತಮಗೆ ಅತಿ ಮುಖ್ಯವಾದದ್ದು ಇದೇ ಎಂದು ಅವರು ಸಭೆಗೆ ತಿಳಿಸಿದರು. ಆ ಕ್ಷಣ ಅವರ ಮನಸ್ಸಿನಲ್ಲಿ ಮಹಾಡ್‌ನ ಹತ್ತು ವರ್ಷಗಳಿದ್ದವೆಂದು ನಾನು ಪ್ರಮಾಣ ಮಾಡಲಾರೆ. ಪಾಠ ಮಾಡುವಾಗ ನನ್ನ ಮನಸ್ಸಿನಲ್ಲಂತೂ ಇದ್ದವು. ಆ ಹುಡುಗಿಗೆ, ನಿನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇದು ಎಂದೆ.

1951ರಲ್ಲಿ ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದಿದ್ದಾಗ ಅವರು ಕಾನೂನು ಮಂತ್ರಿ ಪದವಿ ಬಿಟ್ಟದ್ದು, 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದು, ಅದೇ ವರ್ಷ ಡಿಸೆಂಬರ್ 6ರಂದು ತೀರಿಕೊಂಡದ್ದು, ಇವನ್ನು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಘಟಕ ಪರೀಕ್ಷೆಯಲ್ಲಿ ಆರು ಹಕ್ಕುಗಳನ್ನು ಪಟ್ಟಿ ಮಾಡಿ ಎಂಬ ಪ್ರಶ್ನೆಯನ್ನು ತೆಗೆದು, ನಿಮ್ಮ ಹಕ್ಕನ್ನು ಯಾರಾದರೂ ತಡೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಗೋಣಿಚೀಲದ ದಿನ ತಲೆ ತಗ್ಗಿಸಿದ್ದ ಹುಡುಗ ಅರ್ಧ ಪುಟ ಬರೆದಿದ್ದ. ಕೊನೆಗೆ ನನಗೇ ಒಂದು ಪ್ರಶ್ನೆ ಹಾಕಿದ್ದ: ಅಂಬೇಡ್ಕರರು ತಾವೇ ವಕೀಲರು, ಹತ್ತು ವರ್ಷ ಕೋರ್ಟಿಗೆ ಅಲೆದರು, ನಮ್ಮಂಥವರಿಗೆ ವಕೀಲರ ಫೀಸು ಯಾರು ಕೊಡುತ್ತಾರೆ ಎಂದು. 39ಎ ವಿಧಿಯ ಉಚಿತ ಕಾನೂನು ನೆರವು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, ಅದರಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇರುವ ಅರ್ಹತೆ, ಇಷ್ಟನ್ನು ಅವನ ಉತ್ತರ ಪತ್ರಿಕೆಯ ಅಂಚಿನಲ್ಲಿ ಬರೆಯಲು ಜಾಗ ಸಾಲಲಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿ ನಮ್ಮ ಊರಿನ ಕೋರ್ಟಿನ ಆವರಣದಲ್ಲಿಯೇ ಇದೆ. ಮಕ್ಕಳನ್ನು ಒಂದು ಶನಿವಾರ ಅಲ್ಲಿಗೆ ಕರೆದೊಯ್ಯಲು ಅನುಮತಿ ಕೇಳಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟಿದ್ದೇನೆ.