ಮೂಸಾ ಕಣಿವೆಯ ಯಾತ್ರಿಕ ಶೇಖ್ ಇಬ್ರಾಹೀಮ್

ಜೋರ್ಡಾನ್ ದೇಶದ ದಕ್ಷಿಣದಲ್ಲಿ ವಾದಿ ಮೂಸಾ, ಅಂದರೆ ಮೂಸಾ ಕಣಿವೆ ಇದೆ. ಅಲ್ಲಿ ಬಂಡೆಬೆಟ್ಟ ಸೀಳಿ ಉಂಟಾದ ಸೀಕ್ ಎಂಬ ಕಂದರ ಸುಮಾರು 1.2 ಕಿ.ಮೀ. ಉದ್ದವಿದೆ. ಕೆಲವೆಡೆ ಅದರ ಅಗಲ ಮೂರು ಮೀಟರ್ ಮಾತ್ರ. ಇದನ್ನು ದಾಟಿದರೆ ಗುಲಾಬಿ ಬಣ್ಣದ ಬಂಡೆಯಲ್ಲಿ ಕೊರೆದ ಭವ್ಯ ಖಜ್ನೆ ಎದುರಾಗುತ್ತದೆ. ನಮ್ಮ ಉರ್ದುವಿನ ಖಜಾನೆಯೂ ಇದೇ ಪದ. ಇದು ಪ್ರಾಚೀನ ಅರಬರಾದ ನಬಾತಿಯನ್ನರ ರಾಜಧಾನಿ ಪೆಟ್ರಾ. ಸ್ಥಳೀಯ ಅರಬರಿಗೆ ಇದು ಸದಾ ಗೊತ್ತಿತ್ತು. ಯುರೋಪಿನವರು ಮಾತ್ರ ಮರೆತಿದ್ದರು. ಅವರಿಗೆ ಇದನ್ನು ಮತ್ತೆ ಪರಿಚಯಿಸಿದವರು ಜೋಹಾನ್ ಲುಡ್ವಿಗ್ ಬರ್ಕ್‌ಹಾರ್ಟ್.

1784ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಇವರನ್ನು ಲಂಡನ್ನಿನ ಆಫ್ರಿಕನ್ ಅಸೋಸಿಯೇಷನ್ ನೈಜರ್ ನದಿಯ ಶೋಧನೆಗೆ ನೇಮಿಸಿತು. ಅದಕ್ಕಾಗಿ ಕೇಂಬ್ರಿಜ್‌ನಲ್ಲಿ ಅರಬಿ ಕಲಿಯಲು ಆರಂಭಿಸಿದರು. 1809ರಲ್ಲಿ ಹೊರಟು ಸಿರಿಯಾದ ಅಲೆಪ್ಪೊದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿ, ಅರಬಿ ಭಾಷೆ, ಕುರ್‌ಆನ್ ಮತ್ತು ಇಸ್ಲಾಮೀ ಕಾನೂನನ್ನು ಅಭ್ಯಸಿಸಿದರು. ಅಲ್ಲಿ ಶೇಖ್ ಇಬ್ರಾಹೀಮ್ ಎಂದು ಹೆಸರಾದರು.

1812ರಲ್ಲಿ ಕೈರೋ ಕಡೆಗೆ ಸಾಗುವಾಗ ಮೂಸಾ ಕಣಿವೆಯ ಅವಶೇಷಗಳ ಸುದ್ದಿ ಕಿವಿಗೆ ಬಿತ್ತು. ಪ್ರವಾದಿ ಹಾರೂನ್ (ಅ) ಅವರ ಮಜಾರಿನಲ್ಲಿ ಮೇಕೆ ಬಲಿ ಕೊಡುವ ಹರಕೆ ಇದೆಯೆಂದು ನೆಪ ಹೇಳಿದರು. ಹಳೆಯ ಕುದುರೆ ಲಾಳದ ಒಂದು ಜೊತೆಯನ್ನೇ ಕೂಲಿಯಾಗಿ ಪಡೆದ ಮಾರ್ಗದರ್ಶಿ ಮೇಕೆಯನ್ನು ಹೊತ್ತ. ಇವರು ನೀರಿನ ಚೀಲ ಹೊತ್ತರು. ಆಗಸ್ಟ್ 22ರಂದು ಸೀಕ್ ದಾಟಿ ಖಜ್ನೆಯನ್ನು ಕಂಡರು. ಆದರೆ ಅವಶೇಷಗಳ ಕಡೆಗೆ ತಿರುಗಿದಾಗಲೆಲ್ಲ, ನಿಧಿ ಹುಡುಕಲು ಬಂದವನೆಂದು ಮಾರ್ಗದರ್ಶಿಗೆ ಸಂಶಯ. ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಕತ್ತಲಾದಾಗ ಬೆಟ್ಟದ ಬುಡದಲ್ಲೇ ಹರಕೆ ಮುಗಿಸಿ ಹಿಂದಿರುಗಿದರು. ಅಷ್ಟರಲ್ಲೇ ಅದು ಪೆಟ್ರಾ ಇರಬೇಕೆಂದು ಸರಿಯಾಗಿ ಊಹಿಸಿದ್ದರು.

1813ರಲ್ಲಿ ಮರಳಿನಲ್ಲಿ ಹೂತಿದ್ದ ಈಜಿಪ್ಟಿನ ಅಬು ಸಿಂಬೆಲ್ ಮಹಾದೇವಾಲಯವನ್ನು ಗುರುತಿಸಿದರು. 1814ರಲ್ಲಿ ಮಕ್ಕಾ ತಲುಪಿ ಹಜ್ ನಿರ್ವಹಿಸಿ, ಮುಂದಿನ ವರ್ಷ ಮದೀನಾದಲ್ಲಿ ತೀವ್ರ ಕಾಯಿಲೆ ಅನುಭವಿಸಿದರು. ನೈಜರ್ ಕಡೆಗೆ ಹೋಗುವ ಕಾರವಾನನ್ನು ಕಾಯುತ್ತಿರುವಾಗಲೇ 1817ರ ಅಕ್ಟೋಬರ್ 15ರಂದು ಕೈರೋದಲ್ಲಿ ಆಮಶಂಕೆಯಿಂದ ನಿಧನರಾದರು. ಆಗ ವಯಸ್ಸು 32. ಮುಸ್ಲಿಮರ ಕಬರಸ್ಥಾನದಲ್ಲೇ ದಫನಾಯಿತು. ತಾವು ಸಂಗ್ರಹಿಸಿದ ಹಸ್ತಪ್ರತಿಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದರು. ಪ್ರವಾಸ ಗ್ರಂಥಗಳು ಮರಣಾನಂತರವೇ ಪ್ರಕಟವಾದವು.

ಯಾವುದಕ್ಕಾಗಿ ಮನೆ ಬಿಟ್ಟು ಹೊರಟರೋ ಆ ನದಿಯನ್ನು ಅವರು ನೋಡಲೇ ಇಲ್ಲ. ಹರಕೆಯ ನೆಪ ಸರಿಯೇ ಎಂದು ಕೇಳುವವರೂ ಇರಬಹುದು. ಆದರೆ ಅವರ ಕಲಿಕೆಯಲ್ಲಿ ನೆಪವಿರಲಿಲ್ಲ. ಪೆಟ್ರಾದಲ್ಲಿ ಅವರು ಕಳೆದದ್ದು ಒಂದೇ ದಿನ. ಅದರ ಹಿಂದೆ ವರ್ಷಗಳ ಅರಬಿ ಅಭ್ಯಾಸವಿತ್ತು. ಪ್ರಿಯ ವಿದ್ಯಾರ್ಥಿಗಳೇ, ಇನ್ನೊಂದು ಭಾಷೆ ನಮಗೇಕೆ ಎಂದು ಅನ್ನಿಸಿದಾಗ ಈ ಯಾತ್ರಿಕನನ್ನು ನೆನೆಯಿರಿ.